ನೋವು ಹೋದ ಹಲ್ಲು

ಹುಳುಕು ಹಲ್ಲನ್ನು ಬೇಗ ತೋರಿಸಬೇಕೆಂಬುದನ್ನು ಕಾಸರಗೋಡಿನ ನಮ್ಮ ಬದಿಯಡ್ಕ, ಪೆರ್ಲದ ಕಡೆಯವರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ನನ್ನ ತಾಳ್ಮೆ ಕೆಡಿಸುವುದು ಬೇರೆಯೇ ಒಂದು ಮಾತು: "ಈಗ ನೋವಿಲ್ಲ ಡಾಕ್ಟ್ರೇ, ತನ್ನಷ್ಟಕ್ಕೇ ಗುಣ ಆಯಿತು."

ವಾರಗಟ್ಟಲೆ ನಿದ್ದೆಗೆಡಿಸಿದ ಹಲ್ಲು ಒಂದು ಬೆಳಿಗ್ಗೆ ಸುಮ್ಮನಾದರೆ, ಹೆಚ್ಚಿನ ಸಲ ಅದು ಗುಣವಾದದ್ದಲ್ಲ, ಸತ್ತದ್ದು. ಹಲ್ಲಿನೊಳಗೆ ನರವೂ ರಕ್ತನಾಳಗಳೂ ಇರುವ ತಿರುಳಿದೆ. ಕೈಯೋ ಕಾಲೋ ಊದಿಕೊಂಡರೆ ಚರ್ಮ ಹಿಗ್ಗಿ ಜಾಗ ಕೊಡುತ್ತದೆ. ತಿರುಳು ಮಾತ್ರ ಗಟ್ಟಿ ಗೋಡೆಗಳ ನಡುವೆ ಸಿಕ್ಕಿಕೊಂಡಿರುವುದರಿಂದ ಊತದ ಒತ್ತಡವೆಲ್ಲ ಆ ನರದ ಮೇಲೆಯೇ ಬೀಳುತ್ತದೆ, ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಏರುವುದರಿಂದ ರಾತ್ರಿ ಅದು ಇನ್ನಷ್ಟು ಸಿಡಿಯುತ್ತದೆ. ಕೊನೆಗೆ ತಿರುಳು ಸತ್ತಾಗ ನೋವನ್ನು ತಿಳಿಸಲು ನರವೇ ಉಳಿಯುವುದಿಲ್ಲ. ರೋಗಾಣುಗಳು ಉಳಿದಿರುತ್ತವೆ, ಬೇರಿನ ತುದಿಯ ಸಣ್ಣ ರಂಧ್ರದ ಮೂಲಕ ದವಡೆಯ ಎಲುಬಿಗೆ ಇಳಿದು, ತಿಂಗಳುಗಟ್ಟಲೆ ಸದ್ದಿಲ್ಲದೆ ಅಲ್ಲೇ ಬೆಳೆಯುತ್ತವೆ. ಇನ್ನೊಮ್ಮೆ ಹೇಳುತ್ತೇನೆ: ನೋವು ನಿಂತಿತು, ರೋಗ ನಿಂತಿಲ್ಲ. ತಣ್ಣೀರಿಗೆ ಜುಮ್ಮೆನ್ನುತ್ತಿದ್ದ ಹುಳುಕು ಹಲ್ಲು ಈಗ ಏನೂ ಅನ್ನುವುದಿಲ್ಲವೆಂದರೆ ನನಗೆ ಸಮಾಧಾನಕ್ಕಿಂತ ಅನುಮಾನವೇ ಹೆಚ್ಚು. ಹಾಗೆಂದು ನಿಂತ ನೋವೆಲ್ಲ ಸತ್ತ ಹಲ್ಲಿನದೇ ಎಂದಲ್ಲ, ಒಸಡಿನ ನೋವೂ ಬಂದು ಹೋಗುವುದುಂಟು. ಪರೀಕ್ಷಿಸಿ ಎಕ್ಸ್‌ರೇ ನೋಡದೆ ನಾನೂ ಖಚಿತವಾಗಿ ಹೇಳಲಾರೆ.

ಒಂದು ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅಡಿಕೆ ಕೃಷಿಕರೊಬ್ಬರು ಕೆನ್ನೆಗೆ ಬೈರಾಸು (ಟವೆಲ್) ಸುತ್ತಿಕೊಂಡು ಬಂದರು. ನೋವು ಬಂದದ್ದು ಹಿಂದಿನ ದೀಪಾವಳಿಗೆ, ಹೋದದ್ದು ಹದಿನೈದು ದಿನದಲ್ಲಿ. ಮತ್ತೆ ಅಡಿಕೆ ಸುಲಿಸುವುದಿತ್ತು, ಮಗಳ ಮದುವೆ ಇತ್ತು, ತೋಟಕ್ಕೆ ಮದ್ದು ಬಿಡುವುದಿತ್ತು. ಸಾಮಾನ್ಯವಾಗಿ ಮೂರು ಬೆರಳು ಹಿಡಿಸುವ ಬಾಯಿ ಅವರಿಗೆ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ, ಗಲ್ಲದ ಕೆಳಗೆ ಮುಟ್ಟಿದರೆ ಹಲಗೆಯಂತೆ ಗಟ್ಟಿ, ಉಗುಳು ನುಂಗಲಾಗದೆ ಬೈರಾಸಿನ ತುದಿ ಒದ್ದೆಯಾಗಿತ್ತು. ನಾನು ಕುರ್ಚಿಯಲ್ಲಿ ಕೂರಿಸಲೂ ಇಲ್ಲ, ಮಂಗಳೂರಿಗೆ ಕಳುಹಿಸಿದೆ. 2020ರಲ್ಲಿ ಕೊರೊನಾ ಕಾಲಕ್ಕೆ ಮಂಗಳೂರಿನ ದಾರಿಯ ತಲಪಾಡಿ ಗಡಿ ಮುಚ್ಚಿದ್ದಾಗ ಇಂಥವರು ಬಂದಿದ್ದರೆ ಏನು ಮಾಡುತ್ತಿದ್ದೆನೋ ಎಂದು ಆ ರಾತ್ರಿ ಯೋಚಿಸಿದ್ದುಂಟು. ಅವರು ಗುಣವಾಗಿ ಬಂದರು, ಒಂದು ದವಡೆ ಹಲ್ಲು ಕಡಿಮೆ. ನೋವಿದ್ದಾಗಲೇ ಬಂದಿದ್ದರೆ ರೂಟ್ ಕೆನಾಲ್ ಮಾಡಿ, ಅಂದರೆ ಒಳಗಿನ ಕೆಟ್ಟ ತಿರುಳು ತೆಗೆದು ತುಂಬಿಸಿ, ಅದನ್ನು ಉಳಿಸಬಹುದಿತ್ತೆಂದು ನನ್ನ ಅಂದಾಜು.

ಮೆಡಿಕಲ್‌ನಿಂದ ಕೇಳಿ ತಂದ ಆಂಟಿಬಯೋಟಿಕ್ ಇಲ್ಲಿ ದಾರಿಯಲ್ಲ. ಮಾತ್ರೆ ರಕ್ತದ ಮೂಲಕ ಹೋಗಬೇಕು, ಸತ್ತ ತಿರುಳಿಗೆ ರಕ್ತವೇ ಹೋಗುವುದಿಲ್ಲ. ಸುತ್ತಲಿನ ಊತ ಇಳಿದೀತು, ಒಳಗಿನ ಕೊಳೆ ಹಾಗೆಯೇ ಇರುತ್ತದೆ. ಹಲ್ಲಿನ ಸಂದಿಗೆ ನೋವಿನ ಮಾತ್ರೆ ಇಟ್ಟುಕೊಳ್ಳುವವರೂ ಇದ್ದಾರೆ. ಅದರಿಂದ ಒಸಡು ಸುಡುತ್ತದೆ, ನನಗೆ ನೋಡಲು ಎರಡು ಗಾಯವಾಗುತ್ತದೆ.

ಕೆನ್ನೆ ಊದಿ ಜ್ವರವಿದ್ದರೆ, ನುಂಗಲು ಕಷ್ಟವಾದರೆ, ಬಾಯಿ ಬಿಗಿದರೆ ಬೆಳಗಾಗುವವರೆಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಉಳಿದವರು ನೋವು ನಿಂತಿದ್ದರೂ ಈ ವಾರವೇ ಬನ್ನಿ, ಬರುವಾಗ ಈವರೆಗೆ ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್ಪನ್ನೂ ತನ್ನಿ. "ಒಂದು ಬಿಳಿ ಮಾತ್ರೆ" ಎಂದರೆ ನನಗೆ ಗೊತ್ತಾಗುವುದಿಲ್ಲ.