ರಿಪೋರ್ಟಿನಲ್ಲಿ ‘ರಿಯಾಕ್ಟಿವ್’ ಎಂದಿದ್ದರೆ

ಎಚ್‌ಐವಿ ರಿಪೋರ್ಟಿನಲ್ಲಿ ‘1.8, ರಿಯಾಕ್ಟಿವ್’ ಎಂದಿದೆ. ಪಕ್ಕದಲ್ಲೇ ‘1.0ಕ್ಕಿಂತ ಕಡಿಮೆಯಿದ್ದರೆ ನಾನ್-ರಿಯಾಕ್ಟಿವ್’ ಎಂಬ ಸಾಲು. ಈ 1.8 ರಕ್ತದಲ್ಲಿರುವ ವೈರಸ್ಸಿನ ಲೆಕ್ಕವಲ್ಲ. ಯಂತ್ರ ಹಿಡಿದ ಸಂಕೇತವನ್ನು ಆ ಕಿಟ್ಟಿನ ಗಡಿಮೌಲ್ಯದಿಂದ ಭಾಗಿಸಿದಾಗ ಸಿಗುವ ಅನುಪಾತ. ಗಡಿ ದಾಟಿದೆ, ಮುಂದಿನ ಪರೀಕ್ಷೆ ಬೇಕು ಎಂಬುದಷ್ಟೇ ಅದರ ಅರ್ಥ. ಕಳೆದ ಸಲ 0.1 ಇತ್ತು, ಈಗ 0.3 ಆಗಿದೆ, ಏರುತ್ತಿದೆಯೇ ಎಂದು ನಿದ್ದೆಗೆಡುವವರೂ ಇದ್ದಾರೆ. ಗಡಿಯ ಕೆಳಗಿನ ಆ ಏರಿಳಿತಕ್ಕೆ ಬೆಲೆಯಿಲ್ಲ.

ಒಳ್ಳೆಯ ಕಿಟ್ಟೂ ತಪ್ಪು ಹೇಳುವುದೇಕೆ? ಲೆಕ್ಕ ಹಾಕಿ ನೋಡಿ. ಭಾರತದ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಸುಮಾರು ಶೇ 0.2. ಅಂದರೆ 10,000 ಮಂದಿಯಲ್ಲಿ 20 ಜನರಿಗೆ ಸೋಂಕು. ಸೋಂಕಿಲ್ಲದವರಲ್ಲಿ ಶೇ 99.5 ಮಂದಿಗೆ ‘ಇಲ್ಲ’ ಎಂದೇ ಹೇಳುವ ಕಿಟ್ ಕೂಡ ಉಳಿದ 9,980 ಜನರಲ್ಲಿ ಸುಮಾರು 50 ಮಂದಿಯನ್ನು ರಿಯಾಕ್ಟಿವ್ ಎನ್ನುತ್ತದೆ. ಒಟ್ಟು 70 ರಿಯಾಕ್ಟಿವ್, ಅದರಲ್ಲಿ ನಿಜವಾದದ್ದು 20. ಕಿಟ್ ಹುಡುಕುವುದು ಎಚ್‌ಐವಿ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು (ರಕ್ಷಣಾ ಪ್ರೋಟೀನ್‌ಗಳನ್ನು). ಗರ್ಭಧಾರಣೆ, ಆಟೋಇಮ್ಯೂನ್ ಕಾಯಿಲೆ (ದೇಹದ ರಕ್ಷಣೆ ದೇಹದ ಮೇಲೇ ತಿರುಗುವ ಕಾಯಿಲೆ), ಇತ್ತೀಚಿನ ಬೇರೆ ಸೋಂಕುಗಳಲ್ಲಿ ಹುಟ್ಟುವ ಬೇರೆ ಪ್ರತಿಕಾಯಗಳೂ ಕೆಲವೊಮ್ಮೆ ಕಿಟ್ಟಿಗೆ ಅಂಟಿಕೊಳ್ಳುತ್ತವೆ. ಆದರೆ ನಿಜವಾದ ಅಪಾಯಕ್ಕೆ ಒಡ್ಡಿಕೊಂಡಿದ್ದವರು ಈ ಲೆಕ್ಕ ನಂಬಿ ಸುಮ್ಮನಿರಬಾರದು. ಸೋಂಕಿನ ಆರಂಭದಲ್ಲೂ ಅನುಪಾತ ಕಡಿಮೆಯೇ ಇರಬಹುದು.

ಅದಕ್ಕೇ ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷೆ) ಕೇಂದ್ರಗಳಲ್ಲಿ ರೋಗಲಕ್ಷಣವಿಲ್ಲದವರಿಗೆ ಮೂರು ಬೇರೆ ಬೇರೆ ಕಿಟ್ ಬಳಸುತ್ತಾರೆ. ಮೂರೂ ರಿಯಾಕ್ಟಿವ್ ಆದರೆ ಮಾತ್ರ ಪಾಸಿಟಿವ್. ಮೊದಲನೆಯದು ರಿಯಾಕ್ಟಿವ್ ಆಗಿ ಉಳಿದೆರಡು ಆಗದಿದ್ದರೆ ನೆಗೆಟಿವ್. ಮೊದಲನೆಯದರ ಜೊತೆ ಇನ್ನೊಂದು ಮಾತ್ರ ರಿಯಾಕ್ಟಿವ್ ಆದರೆ ‘ಅನಿರ್ಧಾರಿತ’. 2ರಿಂದ 4 ವಾರ ಬಿಟ್ಟು ಹೊಸ ರಕ್ತ ಕೊಡಬೇಕು. ಸೋಂಕು ನಿಜವಿದ್ದರೆ ಅಷ್ಟರಲ್ಲಿ ಪ್ರತಿಕಾಯಗಳು ಹೆಚ್ಚಿ ಚಿತ್ರ ಸಾಮಾನ್ಯವಾಗಿ ಸ್ಪಷ್ಟವಾಗುತ್ತದೆ.

ಮನೆಯಲ್ಲೇ ಕಾರ್ಡ್ ಟೆಸ್ಟ್ ಮಾಡಿಕೊಂಡವರು ಎಡವುವುದು ಸಮಯದಲ್ಲಿ. ಕಾರ್ಡ್ ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ ‘ಸಿ’ ಗೆರೆ ಮೂಡದಿದ್ದರೆ ಪರೀಕ್ಷೆಯೇ ಅಸಿಂಧು. ಕಿಟ್ ಹೇಳಿದ ಅವಧಿಯೊಳಗೆ ಫಲಿತಾಂಶದ ‘ಟಿ’ ಗೆರೆ ಎಷ್ಟೇ ಮಸುಕಾಗಿ ಕಂಡರೂ ರಿಯಾಕ್ಟಿವ್ ಎಂದೇ ಹಿಡಿದು ಕೇಂದ್ರಕ್ಕೆ ಹೋಗಬೇಕು. ಕಸದ ಬುಟ್ಟಿಯಿಂದ ಮರುದಿನ ಎತ್ತಿ ನೋಡಿದಾಗ ಕಾಣುವ ಗೆರೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಒಣಗುವಾಗಲೂ ಗೆರೆ ಮೂಡಬಹುದು.

ಇನ್ನು ವಿಂಡೋ ಅವಧಿ, ಅಂದರೆ ಸೋಂಕು ತಗುಲಿದ ದಿನದಿಂದ ಅದು ಪರೀಕ್ಷೆಯಲ್ಲಿ ಕಾಣುವವರೆಗಿನ ಕಾಲ. ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ಮಾಡುವ ನಾಲ್ಕನೇ ತಲೆಮಾರಿನ ಪರೀಕ್ಷೆ ಪ್ರತಿಕಾಯಗಳ ಜೊತೆ ವೈರಸ್ಸಿನದೇ ಪ್ರೋಟೀನ್ ಆದ ಪಿ24 ಆಂಟಿಜೆನ್ನನ್ನೂ ಹುಡುಕುವುದರಿಂದ 18ರಿಂದ 45 ದಿನಗಳಲ್ಲಿ ಸೋಂಕನ್ನು ಹಿಡಿಯುತ್ತದೆ. ಪ್ರತಿಕಾಯ ಮಾತ್ರ ನೋಡುವ ರ‍್ಯಾಪಿಡ್ ಟೆಸ್ಟ್‌ಗೆ 90 ದಿನ ಕಾಯಬೇಕು. ಸೋಂಕಿನ ಅಪಾಯಕ್ಕೆ ಒಡ್ಡಿಕೊಂಡು 72 ಗಂಟೆ ದಾಟಿಲ್ಲದಿದ್ದರೆ ಪರೀಕ್ಷೆಯ ಚಿಂತೆಗಿಂತ ಮುಂಚೆ ಸೋಂಕು ತಡೆಯುವ ಪಿಇಪಿ ಮಾತ್ರೆಗೆ ಓಡಿ. ಕೋರ್ಸ್ 28 ದಿನ. ಆ ಮಾತ್ರೆ ತೆಗೆದುಕೊಂಡವರಲ್ಲಿ ಪ್ರತಿಕಾಯ ತಡವಾಗಿ ಮೂಡಬಹುದು, ಆದ್ದರಿಂದ ಕೊನೆಯ ಪರೀಕ್ಷೆಯ ದಿನವನ್ನು ವೈದ್ಯರೇ ಹೇಳಲಿ.

ಕಾಯುವ ದಿನಗಳಲ್ಲಿ ಗಂಟಲು ನೋವು, ಭೇದಿ, ಬೆವರು ಎಲ್ಲವೂ ಎಚ್‌ಐವಿಯಂತೆಯೇ ತೋರುತ್ತವೆ. ಇವುಗಳಲ್ಲಿ ಬಹುಪಾಲನ್ನು ಭಯವೊಂದೇ ತರಬಲ್ಲದು, ಲಕ್ಷಣ ನೋಡಿ ಯಾವ ವೈದ್ಯರೂ ಎಚ್‌ಐವಿ ಖಚಿತಪಡಿಸುವುದಿಲ್ಲ. ಮೂರು ಲ್ಯಾಬಿಗೆ ಅಲೆಯುವ ಬದಲು ಸರಿಯಾದ ಒಂದು ದಿನಾಂಕ ಗುರುತು ಹಾಕಿಕೊಳ್ಳಿ. ಅಲ್ಲಿಯವರೆಗೆ ಕಾಂಡೋಮ್ ಬಳಸಿ, ರಕ್ತದಾನ ಬೇಡ. ವಿಂಡೋ ಮುಗಿದ ಮೇಲೆ ನೆಗೆಟಿವ್ ಬಂದರೂ ಮತ್ತೆ ಮತ್ತೆ ಪರೀಕ್ಷೆಗೆ ಹೋಗಬೇಕೆನಿಸಿದರೆ ಈಗ ಚಿಕಿತ್ಸೆ ಬೇಕಿರುವುದು ಆತಂಕಕ್ಕೆ, ಮನೋವೈದ್ಯರನ್ನು ಕಾಣಿ. ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಿ ಮಾತನಾಡಬಹುದು. ಪಾಸಿಟಿವ್ ಎಂದು ಖಚಿತವಾದರೆ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರದಲ್ಲಿ ಮಾತ್ರೆ ಉಚಿತ, ಸಿಡಿ4 (ರಕ್ತದಲ್ಲಿರುವ ರೋಗನಿರೋಧಕ ಕಣಗಳ ಎಣಿಕೆ) ಎಷ್ಟೇ ಇರಲಿ ಆರಂಭಿಸುತ್ತಾರೆ. ನಿಮ್ಮ ಫಲಿತಾಂಶದ ಗೋಪ್ಯತೆಗೆ 2017ರ ಎಚ್‌ಐವಿ ಕಾಯ್ದೆಯ ರಕ್ಷಣೆಯಿದೆ.