ರೂಟರ್ ಆಫ್ ಮಾಡುವ ಮೊದಲು ಒಂದು ಕಮಾಂಡ್

"ನೆಟ್ ಬರ್ತಿಲ್ಲ, ರೂಟರ್ ಆಫ್ ಮಾಡಿ ಆನ್ ಮಾಡಿಯಾಯ್ತು." ಮುಂಬಯಿಯಲ್ಲಿ ನನಗೆ ಬರುವ ಫೋನುಗಳು ಹೆಚ್ಚಾಗಿ ಹೀಗೇ ಶುರುವಾಗುತ್ತವೆ. ಮಾಟುಂಗಾದ ಹೋಟೆಲ್ ಇರಲಿ, ಡೊಂಬಿವಲಿಯ ಟ್ಯೂಷನ್ ಕ್ಲಾಸ್ ಇರಲಿ, ಫೋನ್ ಮಾಡುವವರು ನಮ್ಮ ಕಡೆಯವರೇ ಜಾಸ್ತಿ. ಎಲ್ಲರಿಗೂ ನಾನು ಹೇಳುವುದು ಒಂದೇ: ರೂಟರಿಗೆ ಕೈ ಹಾಕಬೇಡಿ, ಮೊದಲು ಕಂಪ್ಯೂಟರನ್ನೇ ಕೇಳಿ. ರೀಸ್ಟಾರ್ಟ್ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ, ನಿಜ. ಆದರೆ ಯಾಕೆ ಕೆಟ್ಟಿತ್ತು ಅನ್ನುವ ಸುಳಿವೂ ಅದರ ಜೊತೆಗೇ ಅಳಿಸಿಹೋಗುತ್ತದೆ. ನಾಳೆ ಮತ್ತೆ ಅದೇ ಗೋಳು.

ವಿಂಡೋಸ್ ಕೀ ಜೊತೆ ಆರ್ ಒತ್ತಿ, ಸಿ, ಎಂ, ಡಿ ಎಂದು ಟೈಪ್ ಮಾಡಿ ಎಂಟರ್ ಕೊಡಿ. ಕಪ್ಪು ಕಿಟಕಿ ತೆರೆಯುತ್ತದೆ. ಅಲ್ಲಿ ಐಪಿಕಾನ್ಫಿಗ್ ಎಂದು ಕೊಡಿ. ಫೋನಿನಲ್ಲಾದರೆ ಅಕ್ಷರ ಬಿಡಿಸಿ ಹೇಳುತ್ತೇನೆ: ಐ, ಪಿ, ಸಿ, ಓ, ಎನ್, ಎಫ್, ಐ, ಜಿ. ಹೆದರಬೇಡಿ, ಇಷ್ಟೇ ಬರೆದರೆ ಇದು ಸುಮ್ನೆ ತೋರಿಸುತ್ತದೆ, ಏನನ್ನೂ ಬದಲಿಸುವುದಿಲ್ಲ. ಸಾಲುಗಳು ತುಂಬಾ ಬರುತ್ತವೆ. ವೈಫೈ ಇದ್ದರೆ ವೈರ್‌ಲೆಸ್ ಲ್ಯಾನ್ ಕೆಳಗೆ, ವೈರ್ ಚುಚ್ಚಿದ್ದರೆ ಈಥರ್ನೆಟ್ ಕೆಳಗೆ ನೋಡಿ, ಉಳಿದದ್ದು ಬಿಡಿ. ವೈರ್ ಚುಚ್ಚಿದ್ದರೂ ಅಲ್ಲಿ 'ಮೀಡಿಯಾ ಡಿಸ್ಕನೆಕ್ಟೆಡ್' ಎಂದಿದ್ದರೆ ಮೊದಲು ವೈರ್, ಪಿನ್, ಪೋರ್ಟ್ ಪರೀಕ್ಷಿಸಿ.

ಈಗ ಐಪಿವಿ4 ಅಡ್ರೆಸ್ ಸಾಲು, ಅಂದರೆ ನೆಟ್‌ವರ್ಕಿನಲ್ಲಿ ನಿಮ್ಮ ಕಂಪ್ಯೂಟರಿಗಿರುವ ನಂಬರು. ಮನೆ, ಅಂಗಡಿಗಳಲ್ಲಿ ಅದು ಸಾಮಾನ್ಯವಾಗಿ 192.168 ಅಥವಾ 10ರಿಂದ ಶುರುವಾಗುತ್ತದೆ. ಇವು ಒಳಗಿನ ಬಳಕೆಗೆಂದೇ ಮೀಸಲಿಟ್ಟ ಅಡ್ರೆಸ್‌ಗಳು. 169.254 ಎಂದು ಶುರುವಾಗಿದ್ದರೆ ಮಾತ್ರ ಎಚ್ಚರ. ಕಂಪ್ಯೂಟರ್ "ನನಗೊಂದು ಅಡ್ರೆಸ್ ಕೊಡಿ" ಎಂದು ಕೇಳಿದೆ, ಯಾರೂ ಉತ್ತರ ಕೊಟ್ಟಿಲ್ಲ, ಆಮೇಲೆ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದು ಅದರ ಅರ್ಥ. ಆಗ ಕೇಬಲ್‌ನವರಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ತೊಂದರೆ ನಿಮ್ಮ ಕಂಪ್ಯೂಟರಿಗೂ ರೂಟರಿಗೂ ನಡುವೆ ಎಲ್ಲೋ ಇದೆ.

ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಡಿಫಾಲ್ಟ್ ಗೇಟ್‌ವೇ ಸಾಲನ್ನು. ಹೊರಗೆ ಹೋಗುವ ಬಾಗಿಲು ಅದು, ಅಂದರೆ ನಿಮ್ಮ ರೂಟರ್. ಹೋದ ಮಳೆಗಾಲದಲ್ಲಿ ಒಂದು ಹೋಟೆಲಿನಲ್ಲಿ ಇದೇ ಸಾಲು ಇಡೀ ಕಥೆ ಹೇಳಿತು. ಬಿಲ್ಲಿಂಗ್ ಕೌಂಟರಿನಲ್ಲಿ ನೆಟ್ಟೂ ಇಲ್ಲ, ಅಡುಗೆಮನೆಯ ಪ್ರಿಂಟರಿಗೆ ಆರ್ಡರೂ ಹೋಗುತ್ತಿಲ್ಲ. ಪಕ್ಕದ ಲ್ಯಾಪ್‌ಟಾಪ್ ಮಾತ್ರ ಚೆನ್ನಾಗಿ ನಡೆಯುತ್ತಿದೆ. ರೀಸ್ಟಾರ್ಟ್ ಮಾಡಿದರೆ ಒಮ್ಮೆ ಸರಿ, ಇನ್ನೊಮ್ಮೆ ಇಲ್ಲ. ಮಳೆಗೆ ಲೈನ್ ಹಾಳಾಗಿದೆ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಎರಡೂ ಕಂಪ್ಯೂಟರಲ್ಲಿ ಕಮಾಂಡ್ ಕೊಟ್ಟೆ. ಲ್ಯಾಪ್‌ಟಾಪಿನ ಗೇಟ್‌ವೇ 192.168.1.1. ಕೌಂಟರಿನದು 192.168.0.1. ಒಂದೇ ಹೋಟೆಲ್, ಎರಡು ಬಾಗಿಲು ಹೇಗೆ?

ಐಪಿಕಾನ್ಫಿಗ್ ಬರೆದು, ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ ಆಲ್ ಎಂದು ಕೊಟ್ಟರೆ ಡಿಎಚ್‌ಸಿಪಿ ಸರ್ವರ್ ಎಂಬ ಸಾಲೂ ಬರುತ್ತದೆ. ಅಡ್ರೆಸ್ ಹಂಚಿದವರು ಯಾರು ಎಂದು ಅದು ಹೇಳುತ್ತದೆ. ಕೌಂಟರಿನಲ್ಲಿ ಅಲ್ಲೂ 192.168.0.1 ಇತ್ತು. ಮೇಲಿನ ಎ.ಸಿ. ಹಾಲ್‌ನಲ್ಲಿ ವೈಫೈ ಸಿಗಲಿ ಎಂದು ಯಾರೋ ಹೊಸ ರೂಟರ್ ತಂದು, ಹಳೆಯದರಿಂದ ಬಂದ ವೈರನ್ನು ಅದರ ಲ್ಯಾನ್ ಪೋರ್ಟಿಗೆ, ಅಂದರೆ ಒಳಗಿನ ಕಂಪ್ಯೂಟರುಗಳಿಗೆಂದು ಇರುವ ಪೋರ್ಟಿಗೆ ಚುಚ್ಚಿದ್ದರು. ಅಲ್ಲಿಂದ ಅಡ್ರೆಸ್ ಹಂಚುವವರು ಇಬ್ಬರಾದರು. ಯಾರ ಉತ್ತರ ಮೊದಲು ಬಂತೋ ಕಂಪ್ಯೂಟರ್ ಅವರದ್ದನ್ನೇ ಹಿಡಿಯುತ್ತಿತ್ತು. ಹೊಸ ರೂಟರಿಗೆ ಹೊರಗಿನ ದಾರಿಯೇ ಗೊತ್ತಿಲ್ಲ, ಹಾಗಾಗಿ ಅದನ್ನು ನಂಬಿದವರಿಗೆ ನೆಟ್ಟೂ ಇಲ್ಲ, ಪ್ರಿಂಟರೂ ಇಲ್ಲ. ಹೊಸದರಲ್ಲಿ ಡಿಎಚ್‌ಸಿಪಿ ಆಫ್ ಮಾಡಿ ಅದಕ್ಕೆ 192.168.1.2 ಕೊಟ್ಟೆ. ಕೌಂಟರಿನಲ್ಲಿ ಐಪಿಕಾನ್ಫಿಗ್ ಸ್ಲ್ಯಾಶ್ ರಿಲೀಸ್ ಕೊಟ್ಟು ಹಳೆಯ ಅಡ್ರೆಸ್ ಬಿಡಿಸಿದೆ, ಆಮೇಲೆ ಸ್ಲ್ಯಾಶ್ ರಿನ್ಯೂ ಕೊಟ್ಟು ಹೊಸದನ್ನು ಕೇಳಿಸಿದೆ. ನಿಂತಿದ್ದ ಆರ್ಡರುಗಳೆಲ್ಲ ಅಡುಗೆಮನೆಯಲ್ಲಿ ಪ್ರಿಂಟಾಗಿ ಬಂದವು.

ಗೇಟ್‌ವೇ ಸರಿಯಾಗಿದ್ದರೆ ಮುಂದಿನದು ಪಿಂಗ್, ಅಂದರೆ ಆ ಕಡೆಯಿಂದ ಉತ್ತರ ಬರುತ್ತದಾ ಎಂದು ಕೂಗಿ ನೋಡುವ ಕಮಾಂಡ್. ಪಿಂಗ್ ಎಂದು ಬರೆದು ಗೇಟ್‌ವೇ ಅಡ್ರೆಸ್ ಕೊಡಿ. ಉತ್ತರ ಬಂದರೆ ರೂಟರ್ ತನಕ ದಾರಿ ಸರಿಯಿದೆ. ಆಮೇಲೆ 8.8.8.8ಕ್ಕೆ ಪಿಂಗ್ ಮಾಡಿ, ಅದು ಗೂಗಲ್‌ನ ಡಿಎನ್‌ಎಸ್ ಸರ್ವರ್. ಅಲ್ಲಿಂದ ಉತ್ತರ ಬರುತ್ತಿದ್ದೂ ಸೈಟುಗಳು ತೆರೆಯದಿದ್ದರೆ ನನ್ನ ಅನುಮಾನ ಮೊದಲು ಡಿಎನ್‌ಎಸ್ ಮೇಲೆ, ಅಂದರೆ ಸೈಟಿನ ಹೆಸರಿಗೆ ಅಡ್ರೆಸ್ ಹುಡುಕಿಕೊಡುವ ಕೆಲಸದ ಮೇಲೆ. ಗೇಟ್‌ವೇ ಉತ್ತರಿಸಿ 8.8.8.8 ಉತ್ತರಿಸದಿದ್ದರೆ ಹೊರಗಿನ ಲೈನ್ ನೋಡಿಸಿ. ಟೆರೇಸಿನಿಂದ ಟೆರೇಸಿಗೆ ಕೇಬಲ್ ಎಳೆದಿರುವ ಈ ಊರಲ್ಲಿ ಜೋರು ಮಳೆಗೆ ಅದು ಆಗುವುದೇ. ಕೇಬಲ್‌ನವರಿಗೆ ಇಷ್ಟನ್ನು ಹೇಳಿ: "ರೂಟರ್ ತನಕ ಪಿಂಗ್ ಆಗ್ತಿದೆ, ಹೊರಗೆ ಹೋಗ್ತಿಲ್ಲ." ಬರೀ "ನೆಟ್ ಇಲ್ಲ" ಅಂದರೆ ಅವರೂ ರೀಸ್ಟಾರ್ಟ್ ಮಾಡಿ ಅಂತಲೇ ಹೇಳುತ್ತಾರೆ, ಅಲ್ವಾ?

ಮ್ಯಾಕ್ ಇದ್ದವರು ಟರ್ಮಿನಲ್ ತೆರೆದು ಐಎಫ್‌ಕಾನ್ಫಿಗ್ ಕೊಡಿ, ಗೇಟ್‌ವೇಗೆ ನೆಟ್‌ಸ್ಟ್ಯಾಟ್ ಹೈಫನ್ ಆರ್‌ಎನ್. ಲಿನಕ್ಸ್‌ನಲ್ಲಿ ಐಪಿ ಎ, ಮತ್ತೆ ಐಪಿ ರೂಟ್. ಸಾಲುಗಳ ರೂಪ ಬೇರೆ, ಹುಡುಕುವುದು ಅದನ್ನೇ.

ಇವತ್ತು ನೆಟ್ ಚೆನ್ನಾಗಿದೆಯಾ? ಹಾಗಾದರೆ ಈಗಲೇ ಸ್ಲ್ಯಾಶ್ ಆಲ್ ಕೊಟ್ಟು ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ. ಮುಂದೆ ಕೆಟ್ಟಾಗ ಇನ್ನೊಂದು ತೆಗೆಯಿರಿ. ಎರಡನ್ನೂ ಒಟ್ಟಿಗೆ ಕಳಿಸಿದರೆ, ನಾನು ಲೋಕಲ್ ಟ್ರೈನ್ ಹತ್ತಬೇಕೋ ಬೇಡವೋ ಎಂಬುದು ಬಹಳ ಸಲ ಅಲ್ಲೇ ಗೊತ್ತಾಗುತ್ತದೆ.