ಗವರ್ನರ್: ಡೀಸೆಲ್ ಇಂಜಿನ್ ಗುಡುಗುವುದು ಯಾರ ಮಾತು ಕೇಳಿ?

ಸ್ಟೇಷನ್ ಬಿಡುವಾಗ ಡೀಸೆಲ್ ಇಂಜಿನ್ ಕಿವಿ ಮುಚ್ಚಿಕೊಳ್ಳುವಷ್ಟು ಅಬ್ಬರಿಸುತ್ತದೆ, ರೈಲು ಮಾತ್ರ ತೆವಳುತ್ತಿರುತ್ತದೆ. ಮುಂದೆ ಜೋರಾಗಿ ಓಡುವಾಗ ಒಮ್ಮೊಮ್ಮೆ ಸುಮ್ನೆ ಗುನುಗುತ್ತಿರುತ್ತದೆ. ಬಸ್ಸು, ಕಾರಿನ ಸದ್ದಿಗೆ ಒಗ್ಗಿದ ಕಿವಿಗೆ ಇದು ವಿಚಿತ್ರ, ಅಲ್ವಾ?

ಇಲ್ಲಿ ಇಂಜಿನ್ನಿಗೂ ಚಕ್ರಕ್ಕೂ ನೇರ ನಂಟಿಲ್ಲ. ಇಂಜಿನ್ ತಿರುಗಿಸುವುದು ಜನರೇಟರನ್ನು. ಅದರ ಕರೆಂಟಿನಿಂದ ಮೋಟಾರುಗಳು ಚಕ್ರ ತಿರುಗಿಸುತ್ತವೆ. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕೋ ಅಷ್ಟೇ ತಿರುಗುವಂತೆ ಕಾಯುವ ಸಾಧನವೇ ಗವರ್ನರ್.

ಲೋಕೋ ಪೈಲಟ್‌ನ ಥ್ರಾಟಲ್‌ಗೆ 8 ನಾಚ್, ಅಂದರೆ ಹಂತ. ಅವರು ಆರಿಸುವುದು ಸುತ್ತಿನ ಲೆಕ್ಕವನ್ನು; ಡೀಸೆಲ್ ಎಷ್ಟು ಬಿಡಬೇಕು ಅನ್ನುವುದು ಗವರ್ನರ್ ಪಾಲು. ಹಳೆಯ ಡಬ್ಲ್ಯುಡಿಎಂ-2 ಮಾದರಿ ಲೋಕೋದ ಇಂಜಿನ್ ಐಡಲ್‌ನಲ್ಲಿ (ಹೊರೆಯಿಲ್ಲದೆ ಸುಮ್ಮನೆ ತಿರುಗುವಾಗ) ನಿಮಿಷಕ್ಕೆ 400 ಸುತ್ತು, 8ನೇ ನಾಚ್‌ನಲ್ಲಿ 1000 ಸುತ್ತು ತಿರುಗುತ್ತಿತ್ತು. ಗವರ್ನರ್ ಒಳಗೆ ತಿರುಗುವ ತೂಕಗಳಿವೆ, ಅವುಗಳಿಗೆ ಎದುರಾಗಿ ಒಂದು ಸ್ಪ್ರಿಂಗ್ ಇದೆ. ನಾಚ್ ಏರಿಸಿದರೆ ಸ್ಪ್ರಿಂಗ್ ಬಿಗಿಯಾಗುತ್ತದೆ. ಸುತ್ತು ಕಡಿಮೆಯಾದರೆ ತೂಕಗಳು ಒಳಗೆ ಸರಿಯುತ್ತವೆ, ಆಯಿಲ್ ಒತ್ತಡ ಡೀಸೆಲ್ ಅಳೆದು ಬಿಡುವ ಸರಳನ್ನು, ಅಂದರೆ ಫ್ಯುಯಲ್ ರ‍್ಯಾಕನ್ನು ತೆರೆಯುತ್ತದೆ, ಡೀಸೆಲ್ ಜಾಸ್ತಿ ಹೋಗುತ್ತದೆ. ಸುತ್ತು ಹೆಚ್ಚಾದರೆ ಇದೆಲ್ಲ ಉಲ್ಟಾ. ದಿಢೀರನೆ ನಾಚ್ ಏರಿಸಿದಾಗ ಡೀಸೆಲ್ ತಕ್ಷಣ ಸಿಗುತ್ತದೆ, ಅದನ್ನು ಉರಿಸಲು ಟರ್ಬೋ ತುಂಬುವ ಗಾಳಿ ತಡವಾಗಿ ಬರುತ್ತದೆ. ಹಳೆಯ ಇಂಜಿನ್‌ಗಳು ಕಪ್ಪು ಹೊಗೆ ಉಗುಳುತ್ತಿದ್ದದ್ದು ಅದಕ್ಕೇ.

ಗವರ್ನರ್‌ಗೆ ಇನ್ನೊಂದು ಕೆಲಸವೂ ಇದೆ, ನನ್ನ ಪ್ರಕಾರ ಜಾಣತನ ಇರುವುದೇ ಅದರಲ್ಲಿ. ಗೋವಾದ ಕುಳೆಂನಿಂದ ನಮ್ಮ ಕ್ಯಾಸಲ್‌ರಾಕ್‌ಗೆ ಹತ್ತುವ ಘಾಟಿಯಲ್ಲಿ ಪ್ರತಿ 37 ಮೀಟರಿಗೆ 1 ಮೀಟರ್ ಏರು. ಲಾರಿಯಾದರೆ ಅಲ್ಲಿ ಏದುಸಿರು ಬಿಟ್ಟು ಗೇರ್ ಇಳಿಸಬೇಕು. ಲೋಕೋ ಹಾಗಲ್ಲ. ಭಾರ ಮಿತಿ ಮೀರುತ್ತಿದೆ ಅನ್ನಿಸಿದರೆ ಗವರ್ನರ್ ಜನರೇಟರಿನ ಹೊರೆಯನ್ನೇ ಇಳಿಸುತ್ತದೆ. ರೈಲು ನಿಧಾನವಾಗಬಹುದು, ಇಂಜಿನ್ನಿನ ಶ್ರುತಿ ಮಾತ್ರ ಇಳಿಯುವುದಿಲ್ಲ. ಘಾಟಿಯುದ್ದಕ್ಕೂ ಒಂದೇ ಸಮನೆ ಮೊರೆತ ಕೇಳುವುದು ಹೀಗೆ.

ಮೊರೆತದ ಬಗೆ ಬೇರೆ ವಿಷಯ. ಅದು ಇಂಜಿನ್ನಿನ ಹುಟ್ಟುಗುಣ. ಡಬ್ಲ್ಯುಡಿಎಂ-2ರ ಆಲ್ಕೋ ಕಂಪನಿ ವಿನ್ಯಾಸದ ಇಂಜಿನ್ ಫೋರ್ ಸ್ಟ್ರೋಕ್, 16 ಸಿಲಿಂಡರ್; ಪ್ರತಿ ಸಿಲಿಂಡರಿನಲ್ಲಿ ಎರಡು ಸುತ್ತಿಗೊಮ್ಮೆ ಡೀಸೆಲ್ ಸಿಡಿಯುತ್ತದೆ. ಪೂರ್ತಿ ವೇಗದಲ್ಲಿ ಸೆಕೆಂಡಿಗೆ ಸುಮಾರು 133 ಸಿಡಿತ. ಹುಬ್ಬಳ್ಳಿ ಷೆಡ್‌ನ ಡಬ್ಲ್ಯುಡಿಜಿ-4ರ ಇಎಂಡಿ ಕಂಪನಿ ವಿನ್ಯಾಸದ ಇಂಜಿನ್ನಿಗೂ 16 ಸಿಲಿಂಡರ್, ಆದರೆ ಅದು ಟೂ ಸ್ಟ್ರೋಕ್, ಪ್ರತಿ ಸುತ್ತಿಗೂ ಸಿಡಿಯುತ್ತದೆ. ಸುಮಾರು 900 ಸುತ್ತಿಗೇ ಸೆಕೆಂಡಿಗೆ 240 ಸಿಡಿತ. ಅದಕ್ಕೇ ಆಲ್ಕೋ ಗುಡುಗುತ್ತದೆ, ಇಎಂಡಿ ಹುಯ್ಯೋ ಅಂತ ಎಳೆಯುತ್ತದೆ.

ಗವರ್ನರ್ ಕೆಟ್ಟರೂ ಕಿವಿಗೆ ಗೊತ್ತಾಗುತ್ತದೆ. ನಿಂತಲ್ಲೇ ಇಂಜಿನ್ ಸದ್ದು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಇದಕ್ಕೆ ಹಂಟಿಂಗ್ ಅನ್ನುತ್ತಾರೆ. ಗವರ್ನರ್ ಜಾಸ್ತಿ ತಿದ್ದುತ್ತದೆ, ಆಮೇಲೆ ಆ ತಿದ್ದುಪಡಿಯನ್ನೇ ತಿದ್ದುತ್ತದೆ. ಆಯಿಲ್ ಕೊಳಕಾಗಿರಬಹುದು, ರ‍್ಯಾಕ್ ಅಂಟುತ್ತಿರಬಹುದು, ಡೀಸೆಲ್ ಲೈನಿನಲ್ಲಿ ಗಾಳಿ ಸೇರಿರಬಹುದು. ಆದರೆ ಆಲ್ಕೋ ಐಡಲ್‌ನಲ್ಲಿ ಕುಂಟುತ್ತಾ ಗುಟುರು ಹಾಕಿದರೆ ಹಂಟಿಂಗ್ ಅಂದುಕೊಳ್ಳಬೇಡಿ. ಅದು ಇರುವುದೇ ಹಾಗೆ.